ಸಾದಾ ದೋಸೆ 'ಸಾದಾ' ಆದದ್ದು ಯಾವಾಗ?

ಪ್ರಶ್ನೆ: ಡೊಂಬಿವಲಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸಣ್ಣ ಹೋಟೆಲ್ ನಡೆಸುತ್ತಿದ್ದೇನೆ. ಊರು ಕಾರ್ಕಳದ ಹತ್ತಿರ. ಮಗಳು ಕಾಲೇಜಿನಲ್ಲಿ ಮಾಸ್ ಮೀಡಿಯಾ ಓದುತ್ತಿದ್ದಾಳೆ. 'ಅರ್ಥ ಇರುವುದು ವಸ್ತುವಿನಲ್ಲಿ ಅಲ್ಲ, ವ್ಯತ್ಯಾಸದಲ್ಲಿ' ಅಂತ ಅವಳ ಪುಸ್ತಕದಲ್ಲಿ ಬರೆದಿದೆಯಂತೆ. ದೋಸೆ ಎಂದರೆ ದೋಸೆ, ಅದರಲ್ಲಿ ಎಂಥ ವ್ಯತ್ಯಾಸ ಅಂತ ನಾನು. ಒಂದು ಪದದ ಅರ್ಥ ಇನ್ನೊಂದರಿಂದ, ಅದರದ್ದು ಮತ್ತೊಂದರಿಂದ ಅಂದರೆ ಸುಮ್ನೆ ಸುತ್ತು ಹೊಡೆದ ಹಾಗಲ್ವಾ? ಇನ್ನೊಂದು ವಿಷಯ. ನಮ್ಮಲ್ಲಿ ಫಿಲ್ಟರ್ ಕಾಫಿಗೆ 30 ರೂಪಾಯಿ, ಎದುರಿನ ಕೆಫೆಯಲ್ಲಿ 240. ಆದರೂ ಅಲ್ಲಿ ಕ್ಯೂ. ಇದಕ್ಕೂ ಅದೇ ಥಿಯರಿ ಕಾರಣ ಅನ್ನುತ್ತಾಳೆ. ಬೋರ್ಡಿನ ಮೇಲೆ 'ಹೆರಿಟೇಜ್' ಅಂತ ಸೇರಿಸಿ ಎಂದು ಬೇರೆ ಗಂಟು ಬಿದ್ದಿದ್ದಾಳೆ. ಜನ ಮೂರ್ಖರೋ, ನಾನು ಮೂರ್ಖನೋ?

ಉತ್ತರ: ಪುಸ್ತಕ ಆಮೇಲೆ ನೋಡೋಣ. ಮೊದಲು ನಿಮ್ಮ ಗಲ್ಲಾದ ಹಿಂದೆ ತೂಗುಹಾಕಿರುವ ಮೆನು ಬೋರ್ಡ್ ಕಡೆ ತಿರುಗಿ. ಅಲ್ಲಿ 'ಸಾದಾ ದೋಸೆ' ಅಂತ ಒಂದು ಸಾಲು ಇದ್ದೇ ಇರುತ್ತದೆ. ಈ 'ಸಾದಾ' ಎಲ್ಲಿಂದ ಬಂತು?

ನನ್ನ ಅಜ್ಜಿ ತುಮಕೂರಿನ ಹತ್ತಿರದ ಹಳ್ಳಿಯವಳು. ಸೌದೆ ಒಲೆ ಮುಂದೆ ಕೂತು ಕಾವಲಿಗೆ ಹುಯ್ಯುತ್ತಿದ್ದದ್ದು ಬರೀ ದೋಸೆ. 'ಸಾದಾ ದೋಸೆ ಹಾಕಲಾ?' ಅಂತ ಒಂದು ದಿನವೂ ಕೇಳಿದವಳಲ್ಲ. ಕೇಳಿದ್ದರೆ ನಮಗೆ ಅರ್ಥವೂ ಆಗುತ್ತಿರಲಿಲ್ಲ. ಆಲೂಗಡ್ಡೆ ಪಲ್ಯ ತುಂಬಿದ ಇನ್ನೊಂದು ದೋಸೆ ಪಕ್ಕಕ್ಕೆ ಬಂದು ಕೂತ ಮೇಲೆ ಹಳೆಯದು ಸಾದಾ ಆಯಿತು. ಹಿಟ್ಟು ಅದೇ, ಹದ ಅದೇ, ಕಾವಲಿಯೂ ಅದೇ. ಪಕ್ಕಕ್ಕೆ ಯಾರೋ ಬಂದರು, ಅಷ್ಟೇ. ಅಷ್ಟಕ್ಕೇ ಅದರ ಹೆಸರು ಬದಲಾಯಿತು, ಪಟ್ಟಿಯಲ್ಲಿ ಜಾಗ ಬದಲಾಯಿತು, ತಿನ್ನುವವರ ಮನಸ್ಸಿನಲ್ಲೂ ಒಂದು ಮೆಟ್ಟಿಲು ಕೆಳಗಿಳಿಯಿತು. ನಿಮ್ಮ ಮಗಳ ಪುಸ್ತಕ ಹೇಳುವುದು ಇದನ್ನೇ.

ಇನ್ನೊಂದು ನೋಡಿ. ಗಿರಾಕಿ ಕೂತ ಕೂಡಲೇ ನಿಮ್ಮ ಹುಡುಗ 'ಬಿಸ್ಲೇರಿ ಯಾ ಸಾದಾ?' ಅಂತ ಕೇಳುತ್ತಾನೆ. ಬಿಸ್ಲೇರಿ ಮುಂಬಯಿಗೆ ಬಂದದ್ದು 1965ರಲ್ಲಿ. ಅದಕ್ಕೆ ಮುಂಚೆ ಹೋಟೆಲಿನಲ್ಲಿ ನೀರು ಅಂದರೆ ನೀರು. ಈಗ ಅದೇ ನಲ್ಲಿ ನೀರು 'ಸಾದಾ'. ಡೇಟಿಂಗ್‌ಗೆ ಬಂದ ಹುಡುಗ ಹುಡುಗಿಯ ಮುಂದೆ 'ಸಾದಾ' ಅನ್ನಲು ಒಂದು ಕ್ಷಣ ತಡೆಯುವುದನ್ನು ನೀವೂ ನೋಡಿರುತ್ತೀರಿ. ಬಾಯಾರಿಕೆ ಎರಡರಿಂದಲೂ ಹೋಗುತ್ತದೆ. ಆ ಕ್ಷಣದ ತಡವರಿಕೆ ನೀರಿನದ್ದಲ್ಲ.

ಇನ್ನು ಮುಂಬಯಿಯ 'ಮೈಸೂರ್ ಮಸಾಲಾ'. ಮೈಸೂರಿನಿಂದ ಬಂದ ನನ್ನ ಭಾವಮೈದ ಮಾಟುಂಗಾದಲ್ಲಿ ಅದನ್ನು ಆರ್ಡರ್ ಮಾಡಿ, 'ಇದರಲ್ಲಿ ಮೈಸೂರು ಎಲ್ಲಿದೆ?' ಅಂತ ಹುಡುಕಿದ್ದ. ಊರನ್ನು ಹುಡುಕಿದರೆ ಸಿಗುವುದಿಲ್ಲ. ಇಲ್ಲಿ 'ಮೈಸೂರ್' ಅಂದರೆ ಒಳಗೆ ಕೆಂಪು ಚಟ್ನಿ ಸವರಿದ್ದು, ಬರೀ ಮಸಾಲೆ ಅಲ್ಲದ್ದು. ಅದಕ್ಕಿಂತ ಚೆನ್ನಾದ ಉದಾಹರಣೆ 'ಜೈನ್'. ಜೈನ್ ಪಾವ್‌ಭಾಜಿಯಲ್ಲಿ ಏನಿದೆ ಅಂತ ಯಾರೂ ಹೇಳುವುದಿಲ್ಲ, ಏನಿಲ್ಲ ಅಂತ ಹೇಳುತ್ತಾರೆ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಆಲೂಗಡ್ಡೆ ಇಲ್ಲ. 'ನಾನ್‌ವೆಜ್' ಕೂಡ ಹಾಗೇ. ನಿಮ್ಮೂರಿನ ಮೀನು ಸಾರಿಗೆ ಎಂಥ ರುಚಿ, ಎಂಥ ಪರಿಮಳ. ಆದರೆ ಬೋರ್ಡಿನ ಮೇಲೆ ಅದು 'ಏನೋ ಒಂದು ಅಲ್ಲದ್ದು'.

ಈಗ ಪುಸ್ತಕಕ್ಕೆ ಬರೋಣ. ಈ ಮಾತಿನ ಹಿಂದೆ ಇರುವವರು ಫರ್ಡಿನಾಂಡ್ ಡಿ ಸಸ್ಯೂರ್, ಸ್ವಿಟ್ಜರ್ಲೆಂಡಿನವರು. ಹುಟ್ಟಿದ್ದು 1857ರಲ್ಲಿ. ಜಿನೀವಾದಲ್ಲಿ ವರ್ಷಗಟ್ಟಲೆ ಸಂಸ್ಕೃತ ಕಲಿಸಿದವರು, ಡಾಕ್ಟರೇಟ್ ಪಡೆದದ್ದೂ ಸಂಸ್ಕೃತ ವ್ಯಾಕರಣದ ಒಂದು ಸಣ್ಣ ವಿಷಯದ ಮೇಲೆ. 1907ರಿಂದ 1911ರ ನಡುವೆ ಮೂರು ಸಲ ಭಾಷೆಯ ಬಗ್ಗೆ ಪಾಠ ಮಾಡಿದರು, ಆದರೆ ಅದನ್ನು ಪುಸ್ತಕ ಮಾಡಲಿಲ್ಲ. 1913ರಲ್ಲಿ ತೀರಿಕೊಂಡರು. ವಿದ್ಯಾರ್ಥಿಗಳ ನೋಟ್ಸ್ ಒಟ್ಟುಮಾಡಿ ಸಹೋದ್ಯೋಗಿಗಳು 1916ರಲ್ಲಿ ಪುಸ್ತಕ ತಂದರು. ಮಗಳು ಕ್ಲಾಸಿನಲ್ಲಿ ನೋಟ್ಸ್ ಬರೆದುಕೊಳ್ಳುತ್ತಿಲ್ಲ ಅಂತ ನೀವು ಬೈಯುವುದಾದರೆ ಈ ಕಥೆ ಉಪಯೋಗಕ್ಕೆ ಬರಬಹುದು.

ಅವರು ಕೊಟ್ಟ ಒಂದು ಉದಾಹರಣೆ ಡೊಂಬಿವಲಿಯವರಿಗೆ ವಿವರಿಸುವ ಅಗತ್ಯವೇ ಇಲ್ಲ. ಜಿನೀವಾದಿಂದ ಪ್ಯಾರಿಸ್‌ಗೆ ರಾತ್ರಿ ಹೊರಡುವ ಎಕ್ಸ್‌ಪ್ರೆಸ್. ಇಂದಿನದ್ದು, ನಾಳಿನದ್ದು ಎರಡನ್ನೂ ನಾವು 'ಅದೇ ರೈಲು' ಅನ್ನುತ್ತೇವೆ. ಎಂಜಿನ್ ಬೇರೆ ಇರಬಹುದು, ಡಬ್ಬಿ ಬೇರೆ, ಓಡಿಸುವವರು ಬೇರೆ. ಆದರೂ ಅದೇ ರೈಲು. ಯಾಕೆ? ಟೈಮ್‌ಟೇಬಲ್‌ನಲ್ಲಿ ಅದರ ಜಾಗ ಅದೇ, ಬೇರೆ ರೈಲುಗಳಿಂದ ಅದಕ್ಕಿರುವ ವ್ಯತ್ಯಾಸವೂ ಅದೇ. ನಿಮ್ಮ ಗಿರಾಕಿಗಳು '8:12 ಸಿಕ್ಕಿತಾ?' ಅಂತ ಮಾತಾಡುವುದಿಲ್ವಾ? ಅದು ಪ್ಲಾಟ್‌ಫಾರ್ಮ್‌ಗೆ ಬಂದದ್ದು 8:25ಕ್ಕೆ ಆಗಿದ್ದರೂ ಅದು 8:12ವೇ. '8:12 ಇವತ್ತು ಹದಿಮೂರು ನಿಮಿಷ ಲೇಟ್' ಅನ್ನುತ್ತಾರೆ, ಯಾರಿಗೂ ಗೊಂದಲವಿಲ್ಲ.

ಪದವೂ ಅಂಥದ್ದೇ ಒಂದು ರೈಲು ಅನ್ನುವುದು ಸಸ್ಯೂರ್ ಮಾತು. ಪದದ ಹೊರಗಿನ ಸದ್ದಿಗೆ ಸೂಚಕ ಅಂತಲೂ, ಅದು ಮನಸ್ಸಿಗೆ ತರುವ ಕಲ್ಪನೆಗೆ ಸೂಚಿತ ಅಂತಲೂ ಕನ್ನಡದಲ್ಲಿ ಹೇಳುತ್ತೇವೆ. ಪರೀಕ್ಷೆಗೆ ಇದು ಬೇಕಾಗುತ್ತದೆ, ಮಗಳಿಗೆ ಹೇಳಿ. ಮುಖ್ಯ ವಿಷಯ ಏನಂದರೆ ಎರಡೂ ಕಡೆ ಗಡಿ ಹಾಕುವುದು ಅಕ್ಕಪಕ್ಕದವರು. ಸದ್ದಿನ ಕಡೆ ನೋಡಿ: ಹಲ್ಲಿ, ಹಳ್ಳಿ. ಬೆಲೆ, ಬೆಳೆ. ನಾಲಿಗೆ ಸ್ವಲ್ಪ ಹಿಂದಕ್ಕೆ ಮಡಚಿದರೆ ಗೋಡೆಯ ಮೇಲಿದ್ದದ್ದು ಊರಾಗಿಬಿಡುತ್ತದೆ. ಹಿಂದಿಯಲ್ಲೇ ಬೆಳೆದ ನಮ್ಮ ಪಕ್ಕದ ಮನೆ ಕನ್ನಡ ಹುಡುಗ 'ರಜಕ್ಕೆ ಹಲ್ಲಿಗೆ ಹೋಗ್ತೀನಿ' ಅನ್ನುತ್ತಾನೆ. ಅವನ ಕಿವಿಗೆ ಅಲ್ಲಿ ಎರಡು ಸದ್ದೇ ಇಲ್ಲ.

ನಗುವ ಮೊದಲು ನಮ್ಮ ಕಿವಿಯ ವಿಷಯ ಕೇಳಿ. ಮರಾಠಿಯಲ್ಲಿ 'ಚ' ಎರಡು ಥರ ಇದೆ. ಒಂದು ನಮ್ಮ ಚ. ಇನ್ನೊಂದು ನಾಲಿಗೆಯನ್ನು ಹಲ್ಲಿನ ಹತ್ತಿರ ತಂದು ಹೇಳುವ 'ತ್ಸ'. ಬರೆಯುವಾಗ ಅಕ್ಷರ ಒಂದೇ. ಮೊದಲನೆಯದರಲ್ಲಿ 'ಚಾರ್' ಅಂದರೆ ನಾಲ್ಕು, ಎರಡನೆಯದರಲ್ಲಿ 'ಮೇಯಿಸು'. ನಾನು ಮುಂಬಯಿಗೆ ಬಂದು ಹತ್ತು ವರ್ಷ ಆದ ಮೇಲೂ ಈ ಎರಡನ್ನೂ ಒಂದೇ ಥರ ಹೇಳುತ್ತಿದ್ದೆ. ತರಕಾರಿಯವಳು ನಾಲ್ಕು ನಿಂಬೆಹಣ್ಣೇ ಕೊಡುತ್ತಿದ್ದಳು, ಆದರೆ ಜೊತೆಗೆ ಒಂದು ನಗೆಯನ್ನೂ ಕೊಡುತ್ತಿದ್ದಳು.

ಅರ್ಥದ ಕಡೆಗೆ ಬಂದರೆ ನನ್ನದೇ ಮಾನ ಹೋದ ಕಥೆ ಇದೆ. ಹೊಸದಾಗಿ ಕೆಲಸಕ್ಕೆ ಸೇರಿದ್ದ ದಿನಗಳು. ಮಧ್ಯಾಹ್ನ ಒಂದು ಗಂಟೆಗೆ ನಾಲ್ಕು ಜನ ಮರಾಠಿ ಸಹೋದ್ಯೋಗಿಗಳು ಎದ್ದು ನನ್ನ ಕಡೆ ತಿರುಗಿ, 'ಆಮ್ಹಿ ಜೇವಾಯಲಾ ಚಾಲಲೋ' ಅಂದರು. ನಾವು ಊಟಕ್ಕೆ ಹೊರಟೆವು ಅಂತ. ಎಷ್ಟು ಒಳ್ಳೆಯವರು, ಕರೆಯುತ್ತಿದ್ದಾರೆ ಅಂದುಕೊಂಡು ನಾನೂ ಡಬ್ಬಿ ಎತ್ತಿಕೊಂಡು ಹಿಂದೆ ಹೋದೆ. ಅವರಲ್ಲಿ ಒಬ್ಬರ ಮನೆ ವಿಷಯ ಏನೋ ಗುಟ್ಟಾಗಿ ಮಾತಾಡಬೇಕಿತ್ತಂತೆ. ಊಟ ಮುಗಿಯುವವರೆಗೆ ಐದೂ ಜನ ಮಳೆ ಬಗ್ಗೆ ಮಾತಾಡಿದೆವು. ಆಮೇಲೆ ಗೊತ್ತಾಯಿತು. ಮರಾಠಿಯಲ್ಲಿ 'ಆಮ್ಹಿ' ಅಂದರೆ ನಿನ್ನನ್ನು ಬಿಟ್ಟು ನಾವು. ನನ್ನನ್ನೂ ಸೇರಿಸಿಕೊಳ್ಳುವುದಾಗಿದ್ದರೆ 'ಆಪಣ' ಅನ್ನುತ್ತಿದ್ದರು.

ನೀವಾಗಿದ್ದರೆ ಜಾಗದಲ್ಲೇ ಕೂತಿರುತ್ತಿದ್ದಿರಿ. ತುಳುವಿನಲ್ಲಿ 'ಎಂಕುಲು' ಬೇರೆ, 'ನಮ' ಬೇರೆ. ಎಂಕುಲು ಅಂದರೆ ಕೇಳುವವನು ಹೊರಗೆ, ನಮ ಅಂದರೆ ಒಳಗೆ. ಕನ್ನಡದಲ್ಲಿ ಆ ಜಾಗವೆಲ್ಲ ಒಂದೇ ಪದದ ಕೈಯಲ್ಲಿದೆ. ಹಾಗಾದರೆ 'ಆಮ್ಹಿ' ಅಂದರೆ 'ನಾವು' ಅಂತ ಡಿಕ್ಷನರಿ ಹೇಳುವುದು ಸರಿಯೋ ತಪ್ಪೋ? ಒಂದು ಲೆಕ್ಕದಲ್ಲಿ ಸರಿ. ಆದರೆ 'ನಾವು' ಒಂಟಿ ಮನೆ, ಸುತ್ತ ಎಲ್ಲ ಅದರದ್ದೇ ಜಾಗ. 'ಆಮ್ಹಿ'ಗೆ ಪಕ್ಕದಲ್ಲೇ ಒಂದು ಕಾಂಪೌಂಡ್ ಗೋಡೆ ಇದೆ. ಇದನ್ನೇ ಸಸ್ಯೂರ್ ಪದದ ಮೌಲ್ಯ ಅಂದದ್ದು. ಫ್ರೆಂಚಿನಲ್ಲಿ ಕುರಿಗೂ ಅದರ ಮಾಂಸಕ್ಕೂ ಒಂದೇ ಪದ, ಇಂಗ್ಲಿಷಿನಲ್ಲಿ ಶೀಪ್ ಬೇರೆ ಮಟನ್ ಬೇರೆ ಅನ್ನುವುದು ಅವರ ಉದಾಹರಣೆ. ಅದೇ ಮಟನ್ ನಮ್ಮ ಮುಂಬಯಿಗೆ ಬಂದು ಚಿಕನ್ ಪಕ್ಕ ಕೂತಿತು, ಇಲ್ಲಿ ಅದು ಆಡಿನ ಮಾಂಸವೂ ಆಯಿತು. ಯಾರೂ ತಕರಾರು ತೆಗೆಯಲಿಲ್ಲ.

ನಿಮ್ಮನ್ನು ರಸ್ತೆಯಲ್ಲಿ ಜನ 'ಅಣ್ಣಾ' ಅಂತ ಕರೆಯುತ್ತಾರಲ್ಲ, ಅದನ್ನೂ ಯೋಚಿಸಿ. ಮನೆಯಲ್ಲಿ ಅಣ್ಣನ ಪಕ್ಕದಲ್ಲಿರುವುದು ತಮ್ಮ. ಆದ್ದರಿಂದ ಅಣ್ಣ ಅಂದರೆ ದೊಡ್ಡವನು. ಮುಂಬಯಿ ರಸ್ತೆಯಲ್ಲಿ 'ಅಣ್ಣಾ' ಪಕ್ಕದಲ್ಲಿರುವವರು ಭೈಯ್ಯಾ, ಸೇಟ್, ಭಾವೂ. ಅಲ್ಲಿ ಅಣ್ಣ ಅಂದರೆ ದಕ್ಷಿಣದವನು, ಅದರಲ್ಲೂ ಇಡ್ಲಿ ವಡೆಯವನು. ಅರುವತ್ತರ ಮುದುಕರೂ ಇಪ್ಪತ್ತರ ವೇಟರ್‌ನನ್ನು ಅಣ್ಣಾ ಅನ್ನುವುದು ಅದಕ್ಕೇ. ವಯಸ್ಸಿನ ಲೆಕ್ಕ ಅಲ್ಲಿ ಕಳಚಿಬಿದ್ದಿದೆ, ಯಾಕೆಂದರೆ ತಮ್ಮ ಆ ಸಾಲಿನಲ್ಲೇ ಇಲ್ಲ.

ಸರಿ, ಈಗ ನಿಮ್ಮ ಸುತ್ತು ಹೊಡೆಯುವ ಪ್ರಶ್ನೆ. ಇದು ಒಳ್ಳೆಯ ಪ್ರಶ್ನೆ, ಜೊತೆಗೆ ಬಹಳ ಹಳೆಯದು. ಪದಕ್ಕೆ ಅರ್ಥ ಬರುವುದು ಬೇರೆಯದನ್ನು ಹೊರಗಿಡುವುದರಿಂದ ಅಂತ ನಮ್ಮ ದೇಶದ ಬೌದ್ಧ ತರ್ಕಶಾಸ್ತ್ರಜ್ಞ ದಿಙ್ನಾಗ ಹೇಳಿ ಸುಮಾರು ಒಂದೂವರೆ ಸಾವಿರ ವರ್ಷ ಆಗಿದೆ. ಅದಕ್ಕೆ ಅಪೋಹ ಅಂತ ಹೆಸರು. ಹಸು ಅಂದರೆ ಹಸು ಅಲ್ಲದ್ದನ್ನೆಲ್ಲ ಪಕ್ಕಕ್ಕೆ ತಳ್ಳಿದ್ದು. ಜೈನ್ ಪಾವ್‌ಭಾಜಿ ಥರ. ಇದನ್ನು ಕೇಳಿ ಮೀಮಾಂಸೆ ಅನ್ನುವ ವೈದಿಕ ಪಂಥದ ಕುಮಾರಿಲ ಭಟ್ಟ ಏಳನೇ ಶತಮಾನದಲ್ಲಿ ನೀವು ಕೇಳಿದ್ದನ್ನೇ ಕೇಳಿದ. ಹಸು ಅಲ್ಲದ್ದು ಯಾವುದು ಅಂತ ಗೊತ್ತಾಗಬೇಕಾದರೆ ಮೊದಲು ಹಸು ಗೊತ್ತಿರಬೇಕಲ್ಲ, ಇದು ಸುತ್ತು ಹೊಡೆದ ಹಾಗಾಯಿತು ಅಂತ. ಬೌದ್ಧರು ಉತ್ತರ ಕೊಡುತ್ತಾ ಹೋದರು, ಜಗಳ ಶತಮಾನಗಟ್ಟಲೆ ನಡೆಯಿತು. ಹಾಗಾಗಿ ಗಲ್ಲಾದ ಮೇಲೆ ಕೂತು ನಿಮಗೆ ಈ ಅನುಮಾನ ಬಂದರೆ ನೀವು ಒಳ್ಳೆಯ ಕಂಪನಿಯಲ್ಲೇ ಇದ್ದೀರಿ.

ನನ್ನ ಉತ್ತರ ಹೀಗೆ. ಡಿಕ್ಷನರಿ ಒಳಗೆ ಮಾತ್ರ ಓಡಾಡಿದರೆ ಸುತ್ತು ನಿಲ್ಲುವುದಿಲ್ಲ, ನಿಜ. ಆದರೆ ಯಾರೂ ಡಿಕ್ಷನರಿಯಿಂದ ಭಾಷೆ ಕಲಿಯುವುದಿಲ್ಲ. ಮಗು ನಾಯಿ ಕಂಡಾಗಲೂ 'ಅಂಬಾ' ಅನ್ನುತ್ತದೆ, ಅಮ್ಮ 'ಅದು ಅಂಬಾ ಅಲ್ಲ ಪುಟ್ಟ, ಬೌಬೌ' ಅನ್ನುತ್ತಾಳೆ. ನಾಯಿ ಅಲ್ಲೇ ಬಾಲ ಅಲ್ಲಾಡಿಸುತ್ತಾ ನಿಂತಿದೆ. ಹಾಗೆ ಒಂದೊಂದು ಬೇಲಿ ಎದ್ದು, ಒಂದೇ ಸಲಕ್ಕೆ ಎರಡೂ ಕಡೆ ಜಾಗ ಆಗುತ್ತದೆ. ಬೇಲಿ ಹಾಕುವ ಮೊದಲು 'ಈ ಕಡೆ' ಯಾವುದು, 'ಆ ಕಡೆ' ಯಾವುದು ಅಂತ ಕೇಳಿದರೆ ಉತ್ತರವಿಲ್ಲ. ಸಸ್ಯೂರ್ ಇದನ್ನು ಪೂರ್ತಿ ಹೇಳಲಿಲ್ಲ. ಅವರು ಭಾಷೆಯ ಒಳಗಿನ ವ್ಯವಸ್ಥೆ ನೋಡುತ್ತಾ, ಬಾಲ ಅಲ್ಲಾಡಿಸುವ ನಾಯಿಯನ್ನು ಹೊರಗೇ ಬಿಟ್ಟರು ಅಂತ ನನ್ನ ದೂರು.

ಈಗ ರಸ್ತೆ ದಾಟಿ ಎದುರಿನ ಕೆಫೆಗೆ ಹೋಗೋಣ. ಭಾಷೆಯ ಈ ಲೆಕ್ಕವನ್ನು ಅಂಗಡಿಗೆ ತಂದವರಲ್ಲಿ ದೊಡ್ಡ ಹೆಸರು ಫ್ರಾನ್ಸಿನ ಝಾನ್ ಬೋದ್ರಿಯಾರ್. ಗ್ರಾಹಕ ಸಮಾಜದ ಬಗ್ಗೆ ಅವರ ಪುಸ್ತಕ ಬಂದದ್ದು 1970ರಲ್ಲಿ. ವಾಷಿಂಗ್ ಮೆಷಿನ್ ಬಟ್ಟೆ ಒಗೆಯುತ್ತದೆ, ಅದು ಒಂದು ಕೆಲಸ. ಮನೆಯವರ ಅಂತಸ್ತನ್ನೂ ಹೇಳುತ್ತದೆ, ಅದು ಇನ್ನೊಂದು ಕೆಲಸ. ಎರಡನೆಯ ಕೆಲಸವನ್ನು ಬೇರೆ ಯಾವ ವಸ್ತು ಬೇಕಾದರೂ ಮಾಡಬಹುದು. ಅಲ್ಲಿ ವಸ್ತು ಪದದ ಹಾಗೆ ನಡೆದುಕೊಳ್ಳುತ್ತದೆ, ಅಂದರೆ ಇನ್ನೊಂದು ವಸ್ತುವಿಗಿಂತ ಬೇರೆಯಾಗಿರುವುದೇ ಅದರ ಮಾತು.

ದೊಡ್ಡ ಕಾಫಿ ಚೈನ್‌ಗಳ ಬೋರ್ಡ್ ಇದಕ್ಕೆ ತಮಾಷೆಯ ಸಾಕ್ಷಿ. ಸ್ಟಾರ್‌ಬಕ್ಸ್ ಭಾರತದಲ್ಲಿ ಮೊದಲ ಅಂಗಡಿ ತೆರೆದದ್ದು ನಮ್ಮ ಹಾರ್ನಿಮನ್ ಸರ್ಕಲ್‌ನಲ್ಲೇ, 2012ರ ಅಕ್ಟೋಬರ್‌ನಲ್ಲಿ. ಆಗ ಒಮ್ಮೆ ಕುತೂಹಲಕ್ಕೆ ಹೋಗಿದ್ದೆ. ಬೋರ್ಡಿನ ಮೇಲೆ ಮೂರು ಅಳತೆ: ಟಾಲ್, ಗ್ರಾಂಡೆ, ವೆಂಟಿ. ಟಾಲ್ ಅಂದರೆ ಎತ್ತರ, ಆದರೆ ಆ ಮೂರರಲ್ಲಿ ಅದೇ ಕುಳ್ಳ. ಗ್ರಾಂಡೆ ಅಂದರೆ ಇಟಾಲಿಯನ್‌ನಲ್ಲಿ ದೊಡ್ಡದು, ಅದು ನಡುವಿನದ್ದು. 'ಸ್ಮಾಲ್ ಕೊಡಿ' ಅಂದೆ. ಹುಡುಗಿ ನಗುತ್ತಾ 'ಟಾಲ್ ಸರ್?' ಅಂದಳು. ಆ ಬೋರ್ಡಿನಲ್ಲಿ ಚಿಕ್ಕದು ಅನ್ನುವ ಪದವೇ ಇರಲಿಲ್ಲ. ಚಿಕ್ಕದನ್ನು ತೆಗೆದುಕೊಂಡ ಸಂಕೋಚ ಯಾರಿಗೂ ಬೇಡ ಅಂತ ಇರಬೇಕು.

ನಮ್ಮ ಬೀದಿಯ ಜಾಣತನವೂ ಕಡಿಮೆ ಇಲ್ಲ. 'ಕಟಿಂಗ್' ಅಂದರೆ ಅರ್ಧ ಲೋಟ ಚಹಾ, ಆದರೆ ಒಬ್ಬನ ಪೂರ್ತಿ ಚಹಾ. ಬೆಂಗಳೂರಿನ 'ಬೈಟೂ' ಕೂಡ ಅರ್ಧವೇ, ಆದರೆ ಅದಕ್ಕೆ ಇಬ್ಬರು ಬೇಕು. ಕಟಿಂಗ್ ಒಂಟಿಯಾಗಿ ಕುಡಿಯಬಹುದು, ಬೈಟೂ ಒಂಟಿಯಾಗಿ ಕೇಳಿದರೆ ವೇಟರ್ ಪಕ್ಕದ ಕುರ್ಚಿ ನೋಡುತ್ತಾನೆ.

ನಿಮ್ಮ 30 ರೂಪಾಯಿ ಕಾಫಿಗೆ ಬರೋಣ. ಕೆಫೆ ಬರುವ ಮೊದಲು ಅದರ ಪಕ್ಕದಲ್ಲಿದ್ದದ್ದು ರಸ್ತೆ ಬದಿಯ ಟಪರಿಯ ಚಹಾ. ಅದರ ಮುಂದೆ ನಿಮ್ಮ ಕಾಫಿ ಸ್ವಲ್ಪ ದುಬಾರಿ, ಸ್ವಲ್ಪ ಗೌರವದ್ದು. ಫ್ಯಾಮಿಲಿ ಜೊತೆ ಬಂದವರು ಕುಡಿಯುವಂಥದ್ದು. ಈಗ ಆಚೆ ಕಡೆ 240 ಬಂದು ನಿಂತಿದೆ. ನೀವು ಒಂದು ರೂಪಾಯಿ ಬದಲಿಸಿಲ್ಲ, ಡಿಕಾಕ್ಷನ್ ಬದಲಿಸಿಲ್ಲ, ಆದರೂ ನಿಮ್ಮ ಕಾಫಿ 'ಸಸ್ತಾ' ಆಗಿಬಿಟ್ಟಿತು. ದೋಸೆಗೆ ಆದದ್ದೇ ಇದಕ್ಕೂ ಆಯಿತು.

ಇದು ಕಂಪನಿಗಳಿಗೂ ಆಗುತ್ತದೆ. ಬಟ್ಟೆ ಪುಡಿ ಅಂದರೆ ಸರ್ಫ್ ಅನ್ನುವ ಕಾಲ ಇತ್ತು. ಅದು ಬಂದದ್ದು 1959ರಲ್ಲಿ, ನೀಲಿ ಬಣ್ಣ. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಹಳದಿ ಪುಡಿ ಮಾಡಿ, ಸೈಕಲ್ ಮೇಲೆ ಮನೆ ಮನೆಗೆ ಮಾರಿದರು. ನಿರ್ಮಾ. ಬೆಲೆ ಸರ್ಫ್‌ನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ನಿರ್ಮಾ ದೇಶದ ತುಂಬ ಹರಡಿದ ಮೇಲೆ ಸರ್ಫ್ ಬರೀ ಬಟ್ಟೆ ಪುಡಿಯಾಗಿ ಉಳಿಯಲಿಲ್ಲ, ದುಬಾರಿ ಬಟ್ಟೆ ಪುಡಿ ಆಯಿತು. ಆಮೇಲೆ ಟಿವಿಯಲ್ಲಿ ಸರ್ಫ್ ಜಾಹೀರಾತಿನ ಗೃಹಿಣಿ ಲಲಿತಾಜಿ ಬಂದು, ಅಗ್ಗದ್ದು ಬೇರೆ, ಒಳ್ಳೆಯದು ಬೇರೆ ಅಂತ ತರಕಾರಿ ಅಂಗಡಿ ಮುಂದೆ ನಿಂತು ಇಡೀ ದೇಶಕ್ಕೆ ಪಾಠ ಮಾಡಬೇಕಾಯಿತು. ಕೊನೆಗೆ ಸರ್ಫ್ ಮಾಡುವ ಕಂಪನಿಯೇ ಅಗ್ಗದ ಪೈಪೋಟಿಗೆ ವೀಲ್ ಅಂತ ಇನ್ನೊಂದನ್ನು ತಂದಿತು. ಬಣ್ಣ ಹಸಿರು. ನೀಲಿ ಮತ್ತು ಹಳದಿ ಆಗಲೇ ಮಾತಾಡುತ್ತಿದ್ದವು, ಮೂರನೆಯವನಿಗೆ ಬೇರೆ ಬಣ್ಣ ಬೇಕಿತ್ತು. ಕೊಳೆಗೆ ಬಣ್ಣದ ವ್ಯತ್ಯಾಸ ಗೊತ್ತಾಗುವುದಿಲ್ಲ, ಕಪಾಟಿಗೆ ಗೊತ್ತಾಗುತ್ತದೆ.

ಲೋಕಲ್ ರೈಲಿನಲ್ಲಿ ನಾನು ಹನ್ನೊಂದು ವರ್ಷ ಫಸ್ಟ್ ಕ್ಲಾಸ್ ಪಾಸ್ ಇಟ್ಟುಕೊಂಡಿದ್ದೆ. ಅದೇ ರೈಲು, ಅದೇ ಡಬ್ಬಿ, ನಡುವೆ ಜಾಲರಿ ಇರುವ ಒಂದು ಗೋಡೆ. ಎರಡೂ ಕಡೆಯವರು ಅದೇ ನಿಮಿಷಕ್ಕೆ ಇಳಿಯುತ್ತೇವೆ. ಬೆಳಗಿನ ಹೊತ್ತು ನನಗೂ ಸೀಟ್ ಸಿಗುತ್ತಿರಲಿಲ್ಲ. ಮೊಣಕೈ ಕಡಿಮೆ ತಗಲುತ್ತಿತ್ತು, ಅದು ನಿಜವಾದ ಸುಖ, ಸುಳ್ಳು ಹೇಳುವುದಿಲ್ಲ. ಆದರೆ ಜಾಲರಿಯ ಆ ಕಡೆ ಯಾರೂ ಇಲ್ಲದಿದ್ದರೆ ಅಷ್ಟು ದುಡ್ಡು ಕೊಡುತ್ತಿದ್ದೆನಾ ಅಂತ ನನ್ನನ್ನೇ ಕೇಳಿಕೊಂಡಿದ್ದೇನೆ. ಹಿಂದೆ ರೈಲಿನಲ್ಲಿ ಥರ್ಡ್ ಕ್ಲಾಸ್ ಇತ್ತು. 1974ರಲ್ಲಿ ಆ ಹೆಸರು ತೆಗೆದರು, ಸೆಕೆಂಡ್ ಕ್ಲಾಸೇ ಎಲ್ಲಕ್ಕಿಂತ ಕೆಳಗಿನದಾಯಿತು. 2017ರ ಡಿಸೆಂಬರ್ 25ರಂದು ಪಶ್ಚಿಮ ರೈಲ್ವೆಯಲ್ಲಿ ಮೊದಲ ಏಸಿ ಲೋಕಲ್ ಓಡಿತು. ಅವತ್ತಿನಿಂದ ಫಸ್ಟ್ ಕ್ಲಾಸ್‌ನಲ್ಲಿ ಬೆವರುವವರ ಮುಖದಲ್ಲಿ ಹಿಂದೆ ಇಲ್ಲದ ಒಂದು ಅಸಮಾಧಾನ ಕಾಣಿಸತೊಡಗಿತು. ಬೆವರು ಮಾತ್ರ ಹಳೆಯದೇ.

ನನಗೆ ಬಹಳ ಇಷ್ಟವಾದ ಪದ ಒಂದಿದೆ, 'ಗಾವ್ಠಿ'. ಮನುಷ್ಯನಿಗೆ ಹೇಳಿದರೆ ಬೈಗುಳ, ಹಳ್ಳಿ ಗಮಾರ ಅಂತ. ಮೊಟ್ಟೆಗೆ ಹೇಳಿದರೆ ದುಬಾರಿ. ದಾದರ್ ಮಾರ್ಕೆಟ್ಟಿನಲ್ಲಿ 'ಗಾವ್ಠಿ ಅಂಡಿ' ಅಂತ ಕೂಗುವವನ ಮುಂದೆ ಕಾರಿನಿಂದ ಇಳಿದು ಬಂದು ನಿಲ್ಲುತ್ತಾರೆ. ಮನುಷ್ಯನ ಸಾಲಿನಲ್ಲಿ ಗಾವ್ಠಿಯ ಪಕ್ಕದಲ್ಲಿರುವುದು 'ಶೆಹರಿ'. ಮೊಟ್ಟೆಯ ಸಾಲಿನಲ್ಲಿ ಇರುವುದು ಫಾರಂ ಮೊಟ್ಟೆ. ನಮ್ಮ ನಾಟಿ ಕೋಳಿಯೂ ಬ್ರಾಯ್ಲರ್ ಬರುವ ತನಕ ಬರೀ ಕೋಳಿಯಾಗಿತ್ತು. ಬಿಲ್ಡರ್‌ಗಳಿಗೆ ಈ ವಿದ್ಯೆ ಯಾವ ಪ್ರೊಫೆಸರ್‌ಗಿಂತ ಚೆನ್ನಾಗಿ ಗೊತ್ತು. 1982ರ ಮುಷ್ಕರದ ನಂತರ ಮಿಲ್‌ಗಳು ಒಂದೊಂದಾಗಿ ಮುಚ್ಚಿದ ಲೋವರ್ ಪರೇಲ್‌ನಲ್ಲಿ ಟವರ್ ಎದ್ದಾಗ, ಜಾಹೀರಾತಿನಲ್ಲಿ ಅದು 'ಅಪ್ಪರ್ ವರ್ಲಿ' ಆಯಿತು. ನೆಲ ಒಂದು ಇಂಚೂ ಸರಿಯಲಿಲ್ಲ. ನೆರೆಯವರನ್ನು ಮಾತ್ರ ಬದಲಿಸಿದರು.

ಇಷ್ಟೆಲ್ಲ ಹೇಳಿದ ಮೇಲೆ ಭಾಷೆಯೂ ಅಂಗಡಿಯೂ ಒಂದೇ ಅಂತ ಮಗಳು ಪರೀಕ್ಷೆಯಲ್ಲಿ ಬರೆದುಬಿಟ್ಟಾಳು. ನಾನು ಅದಕ್ಕೆ ಒಪ್ಪುವುದಿಲ್ಲ. ಲ ಮತ್ತು ಳ ನಡುವಿನ ವ್ಯತ್ಯಾಸಕ್ಕೆ ಯಾರೂ ಮಾಲೀಕರಿಲ್ಲ, ಅದನ್ನು ಬಳಸಲು ಯಾರೂ ದುಡ್ಡು ಕೊಡುವುದಿಲ್ಲ, ಎಲ್ಲರೂ ಬಳಸಿದರೆ ಅದು ಸವೆಯುವುದೂ ಇಲ್ಲ. ಅಂಗಡಿಯ ವ್ಯತ್ಯಾಸ ಸವೆಯುತ್ತದೆ. ಎಲ್ಲರ ಕೈಗೂ ಬಂದ ದಿನ ಅದು ಸತ್ತ ಹಾಗೆ.

ನಮ್ಮ ಮನೆಯಲ್ಲೇ ಆಗಿದೆ. ನನ್ನ ಅಮ್ಮ ಮುಂಬಯಿಗೆ ಬಂದ ಹೊಸದರಲ್ಲಿ ಹಿತ್ತಾಳೆ ಪಾತ್ರೆಗಳನ್ನೆಲ್ಲ ತೂಕಕ್ಕೆ ಹಾಕಿ ಸ್ಟೀಲ್ ತಂದಳು. ಹಳೆ ಸೀರೆಗಳನ್ನು, ಬಟ್ಟೆಗೆ ಬದಲಾಗಿ ಪಾತ್ರೆ ಕೊಡುವ ಬೋಹಾರೀಣ್‌ಗೆ ಕೊಟ್ಟು ಇನ್ನೂ ನಾಲ್ಕು ಸ್ಟೀಲ್ ಡಬ್ಬಿ. ಹಿತ್ತಾಳೆ ಅಂದರೆ ಹುಣಸೆಹಣ್ಣು ಹಾಕಿ ಉಜ್ಜು, ಕಲಾಯಿ ಹಾಕಿಸು, ಊರಿನ ಕಷ್ಟ. ಸ್ಟೀಲ್ ಅಂದರೆ ಪಟ್ಟಣ. ಚಾಳಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಕಪಾಟಿನಲ್ಲಿ ಸಾಲಾಗಿ ಜೋಡಿಸಿದ್ದಳು. ಹೋದ ದೀಪಾವಳಿಗೆ ಸೊಸೆ ಒಂದು ಹಿತ್ತಾಳೆ ಕಾಫಿ ಫಿಲ್ಟರ್ ತಂದಳು. ಅದರ ಬೆಲೆ ಕೇಳಿ ನಾನು ಕುರ್ಚಿ ಹಿಡಿದುಕೊಂಡೆ. ಅಮ್ಮ ಮಾರಿದ್ದಕ್ಕಿಂತ ಅದು ಸಣ್ಣದು, ತೆಳ್ಳಗೂ ಇದೆ. ಈಗ ಸ್ಟೀಲ್ ಎಲ್ಲರ ಮನೆಯಲ್ಲೂ ಇದೆಯಲ್ಲ. ಸೊಸೆಯನ್ನು ಬೈಯಲು ಬಾಯಿ ಬರಲಿಲ್ಲ, ಅಮ್ಮ ಮಾಡಿದ್ದೂ ಅದನ್ನೇ.

ಬೋದ್ರಿಯಾರ್ ಒಂದು ಹೆಜ್ಜೆ ಜಾಸ್ತಿ ಹೋದರು ಅಂತಲೂ ನನಗೆ ಅನ್ನಿಸುತ್ತದೆ. ವಸ್ತುವಿನ ಉಪಯೋಗ ಅನ್ನುವುದೇ ಈ ಸಂಕೇತಗಳ ಆಟದ ನೆರಳು ಅನ್ನುವ ಮಟ್ಟಕ್ಕೆ. ಮೇ ತಿಂಗಳ ಮಧ್ಯಾಹ್ನ ಡೊಂಬಿವಲಿ ಸೇತುವೆ ಹತ್ತಿ ಇಳಿದವರಿಗೆ ನೀರು ಸಂಕೇತವಲ್ಲ. ನಿಮ್ಮ ಎದುರಿನ ಕೆಫೆಯ 240 ರೂಪಾಯಿಯಲ್ಲೂ ಪೂರ್ತಿ ಸಂಕೇತವಿಲ್ಲ. ಅಲ್ಲಿ ಏಸಿ ಇದೆ, ಶುಚಿಯಾದ ಬಾತ್‌ರೂಮ್ ಇದೆ, ಲ್ಯಾಪ್‌ಟಾಪ್‌ಗೆ ಪ್ಲಗ್ ಇದೆ. ಮುಂಬಯಿಯ ಒಂದು ರೂಮ್ ಮನೆಯಲ್ಲಿ ಇಬ್ಬರು ಕೂತು ಮಾತಾಡಲು ಜಾಗವಿಲ್ಲ, ಅಲ್ಲಿ ಎರಡು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ತಪ್ಪು ತಿಳಿಯಬೇಡಿ, ನಿಮ್ಮಂಥ ಹೋಟೆಲಿನಲ್ಲಿ ಕಾಫಿಯ ಕೊನೇ ಗುಟುಕು ಬಾಯಲ್ಲಿರುವಾಗಲೇ ಹುಡುಗ ಟೇಬಲ್ ಒರೆಸಲು ಬರುತ್ತಾನೆ, ಬಿಲ್ ಸೋಂಪಿನ ತಟ್ಟೆಯಲ್ಲಿ ಬಂದಾಗಿರುತ್ತದೆ. ಅದು ನಿಮ್ಮ ವ್ಯಾಪಾರದ ಲೆಕ್ಕ, ಟೇಬಲ್ ತಿರುಗಬೇಕು. ಅವರದ್ದು ಕುರ್ಚಿಯ ಬಾಡಿಗೆ ಲೆಕ್ಕ. ಆದ್ದರಿಂದ ಜನ ಮೂರ್ಖರಲ್ಲ, ನೀವೂ ಅಲ್ಲ. 240ರಲ್ಲಿ ಎಷ್ಟು ಕುರ್ಚಿಗೆ, ಎಷ್ಟು ಕಪ್ಪಿನ ಮೇಲೆ ಬರೆದ ಹೆಸರಿನ ಫೋಟೋಗೆ ಅಂತ ಬಿಡಿಸಿ ಹೇಳುವುದು ಮಾತ್ರ ಕಷ್ಟ. ಎರಡೂ ಹಾಲು ಡಿಕಾಕ್ಷನ್ ಥರ ಬೆರೆತಿವೆ.

'ಹೆರಿಟೇಜ್' ವಿಷಯದಲ್ಲಿ ನಾನು ನಿಮ್ಮ ಕಡೆ. ಮಾಟುಂಗಾದಲ್ಲಿ 1940ರ ದಶಕದ ಹೋಟೆಲ್‌ಗಳು ಇವತ್ತಿಗೂ ನಡೆಯುತ್ತಿವೆ. ಭಾನುವಾರ ಅವುಗಳ ಮುಂದೆ ಜನ ಹೆಸರು ಬರೆಸಿ ಕಾಯುತ್ತಾರೆ. ಅಜ್ಜ ತಾನು ಅಜ್ಜ ಅಂತ ಬೋರ್ಡ್ ಹಾಕಿಕೊಳ್ಳುವುದಿಲ್ಲ. ನೀವು ಹೆರಿಟೇಜ್ ಅಂತ ಬರೆದ ಕೂಡಲೇ ಹಿತ್ತಾಳೆ ಲೋಟ ತೂಗುಹಾಕಿದ ಹೊಸ ಕೆಫೆಗಳ ಸಾಲಿಗೆ ಹೋಗಿ ನಿಲ್ಲುತ್ತೀರಿ. ಆ ಸಾಲಿನಲ್ಲಿ ನಿಮ್ಮ ಪ್ಲಾಸ್ಟಿಕ್ ಕುರ್ಚಿ, ನಿಮ್ಮ ಟ್ಯೂಬ್‌ಲೈಟ್ ಎಲ್ಲವೂ ಕೊರತೆಯ ಹಾಗೆ ಕಾಣುತ್ತವೆ. ಈಗಿನ ಸಾಲಿನಲ್ಲಿ ಅವು ಯಾರ ಕಣ್ಣಿಗೂ ಬೀಳುತ್ತಿಲ್ಲ. ಬೇಕಾದರೆ ಸಂಜೆ ನಾಲ್ಕರಿಂದ ಆರರವರೆಗೆ ಮೂಲೆಯ ಎರಡು ಟೇಬಲ್ ಒರೆಸದೆ ಬಿಡಿ, ಗಿರಾಕಿ ಕೂತಷ್ಟು ಹೊತ್ತು ಕೂರಲಿ. ಅದಕ್ಕೆ ಯಾವ ಹೆಸರೂ ಬೇಡ.

ಮಗಳಿಗೆ ಪ್ರಾಜೆಕ್ಟ್ ಬೇಕಿದ್ದರೆ ಒಂದು ಉಪಾಯ ಇದೆ. ಒಂದು ವಾರ ಬೋರ್ಡಿನಿಂದ 'ಸಾದಾ' ಅಳಿಸಿ, ಬರೀ 'ದೋಸೆ' ಅಂತ ಬರೆಯಿರಿ. ಬೆಲೆ ಅದೇ ಇರಲಿ. ಅವಳು ಗಲ್ಲಾ ಪಕ್ಕ ನೋಟ್‌ಬುಕ್ ಹಿಡಿದು ಕೂತು, 'ಕೌನ್ಸಾ?' ಅಂತ ತಿರುಗಿ ಕೇಳುವವರು ಎಷ್ಟು ಜನ ಅಂತ ಬರೆದುಕೊಳ್ಳಲಿ. ನಿಮ್ಮೂರಿನವರು ಯಾರಾದರೂ ಬಂದರೆ ಅವರನ್ನು ಬೇರೆ ಪುಟದಲ್ಲಿ ಬರೆಯಲಿ. ಅವರು ಕೇಳಲಿಕ್ಕಿಲ್ಲ ಅಂತ ನನ್ನ ಅಂದಾಜು.